ಸುವಾರ್ತಮ್ಮ ಕುಂಕುಮ ಇಟ್ಟ ದಿನ

ಪಾತಲಂಕದ ಸರ್ಪಂಚ್ ಪಿಲ್ಲಿ ಸುಭದ್ರಮ್ಮನವರ ಮನೆ ಯಾವುದು ಎಂದು ಹೊಸಬರು ಯಾರಾದರೂ ಕೇರಿಗೆ ಬಂದು ಕೇಳಿದರೆ, ಚರ್ಚಿನ ಮೆಟ್ಟಿಲ ಮೇಲೆ ಕೂತ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಆ ಹೆಸರಿನವರು ಇಲ್ಲಿ ಯಾರೂ ಇಲ್ವಲ್ಲಪ್ಪ" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಯಾರಿಗೋ ಹೊಳೆದು, "ಓ, ನಮ್ಮ ಸುವಾರ್ತಾನಾ? ಹಂಗಂತ ಕೇಳಬಾರದಾ?" ಎಂದು ನಗುತ್ತಿದ್ದರು. ಕೃಷ್ಣಾ ನದಿ ಸಮುದ್ರ ಸೇರುವ ಆ ಸೀಮೆಯಲ್ಲಿ ಮಾಲ ಎಂಬ ದಲಿತ ಜಾತಿಯವರ ಕೇರಿಗಳಲ್ಲಿ ಹುಟ್ಟಿದ ಕೂಸಿಗೆಲ್ಲ ಹೆಸರು ಎರಡು. ಅಯ್ಯಗಾರು, ಅಂದರೆ ಚರ್ಚಿನ ಪಾದ್ರಿ, ತಲೆಗೆ ನೀರು ಹಾಕಿ ಇಟ್ಟದ್ದು ಒಂದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಇನ್ನೊಂದು. ಕರೆದರೆ ತಿರುಗಿ ನೋಡುವುದು ಮೊದಲನೆಯದಕ್ಕೆ, ಸರ್ಕಾರದಿಂದ ಏನಾದರೂ ಬರುವುದಿದ್ದರೆ ಅದು ಬರುವುದು ಎರಡನೆಯದಕ್ಕೆ. ಇದನ್ನು ಯಾರೂ ಸುಳ್ಳು ಎಂದುಕೊಂಡಿರಲಿಲ್ಲ. ಮನೆಯೊಳಗೆ ಉಡುವ ಸೀರೆ ಒಂದು, ಹೊರಗೆ ಉಡುವ ಸೀರೆ ಒಂದು ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದರು.

ಎರಡು ಹೆಸರು ಬೇಕಾದದ್ದು ಕಾನೂನಿನ ದೆಸೆಯಿಂದ. ಪರಿಶಿಷ್ಟ ಜಾತಿಯವನೆಂದು ಸರ್ಕಾರ ಒಪ್ಪಬೇಕಾದರೆ ಮನುಷ್ಯ ಹಿಂದೂ ಆಗಿರಬೇಕು. ಸಿಖ್ಖನೋ ಬೌದ್ಧನೋ ಆಗಿದ್ದರೂ ಆದೀತು. ಯೇಸುವಿನವನಾಗಿದ್ದರೆ ಮಾತ್ರ ಆಗದು. ನೌಕರಿ, ಹಾಸ್ಟೆಲು, ಪಂಚಾಯಿತಿಯ ಮೀಸಲು ಕುರ್ಚಿ, ಎಲ್ಲಕ್ಕೂ ಅದೊಂದೇ ಬಾಗಿಲು. ದೀಕ್ಷಾಸ್ನಾನದ ನೀರು ಬಿದ್ದೊಡನೆ ಮಾಲನ ಜಾತಿ ತೊಳೆದುಹೋಗುತ್ತದೆ ಎಂದು ಪಾತಲಂಕದಲ್ಲಿ ನಂಬಿದವರು ಒಬ್ಬರೂ ಇರಲಿಲ್ಲ. ಹೋಟೆಲಿನವನು ನಂಬಿರಲಿಲ್ಲ, ಸುವಾರ್ತಳ ಅಪ್ಪ ಕಂಕುಳಲ್ಲಿ ಬೈಬಲ್ ಇಟ್ಟುಕೊಂಡು ಹೋದಾಗಲೂ ಗೂಟಕ್ಕೆ ತೂಗುಹಾಕಿದ ಬೇರೆ ಲೋಟದಲ್ಲೇ ಚಹಾ ಕೊಡುತ್ತಿದ್ದ. ದೇವಸ್ಥಾನದವರು ನಂಬಿರಲಿಲ್ಲ, ಜಮೀನಿನವರು ನಂಬಿರಲಿಲ್ಲ. ನಂಬಿದ್ದು ಕಾನೂನು ಒಂದೇ.

ಸುವಾರ್ತ ನಾಟಿ ಹೆಂಗಸರ ಗುಂಪಿಗೆ ಮೇಸ್ತ್ರಿಯಾಗಿದ್ದವಳು. ಕಪ್ಪಗೆ, ಗಟ್ಟಿಮುಟ್ಟಾಗಿ, ಮೊಣಕಾಲವರೆಗೆ ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದರೆ ಅವಳ ಹಿಂದೆ ಸಾಲು ತಪ್ಪುತ್ತಿರಲಿಲ್ಲ. ಕೂಲಿ ಮಾತಾಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಯಜಮಾನ ಒಂದು ಮಾತು ಹೇಳಿ ಸಂಜೆಗೆ ಇನ್ನೊಂದು ಮಾತು ಆಡಿದರೆ, ಗುಂಪನ್ನೆಲ್ಲ ಬದುವಿನ ಮೇಲೆ ಕೂರಿಸಿ ತಾನೂ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಸಸಿ ಬಿಸಿಲಿಗೆ ಬಾಡುತ್ತಿದ್ದರೆ ಯಜಮಾನನ ಮುಖವೂ ಬಾಡುತ್ತಿತ್ತು. "ಅಮ್ಮಾ ಸುವಾರ್ತಾ, ಇಳಿಯಮ್ಮಾ" ಎಂದು ಅವನೇ ಅಂಗಲಾಚಬೇಕು. ಗಂಡ ಇಶ್ರಾಯೇಲು ಟ್ರಾಕ್ಟರ್ ಓಡಿಸುತ್ತಿದ್ದವನು, ಕಾಮಾಲೆಯಾಗಿ ಸತ್ತ. ಮಕ್ಕಳಿರಲಿಲ್ಲ. ಅವನನ್ನು ಕಾಲುವೆ ದಂಡೆಯ ಸಮಾಧಿ ಭೂಮಿಯಲ್ಲಿ, ಅವಳ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದರು. ಆಮೇಲೆ ಅವಳೂ ತಾಯಿ ರಾಹೇಲಮ್ಮನೂ ಇಬ್ಬರೇ ಆ ಮನೆಯಲ್ಲಿ.

ಸರ್ಪಂಚ್ ಸ್ಥಾನ ಪರಿಶಿಷ್ಟ ಜಾತಿಯ ಹೆಂಗಸಿಗೆ ಮೀಸಲು ಎಂದಾದಾಗ ಊರಿನ ದೊಡ್ಡ ಮನೆಯ ಬುಚ್ಚಿಬಾಬು ತನ್ನ ಅಂಗಳ ಗುಡಿಸುವವಳನ್ನು ನಿಲ್ಲಿಸಿದ. ಕೇರಿಯವರು ಸುವಾರ್ತಳನ್ನು ನಿಲ್ಲಿಸಿದರು. ನಾಟಿ ಹೆಂಗಸರೆಲ್ಲ ಮನೆಮನೆಗೆ ಹೋಗಿ ಓಟು ಕೇಳಿ ಗೆಲ್ಲಿಸಿದರು.

ಅವಳು ಕುರ್ಚಿ ಮೇಲೆ ಕೂತು ಮಾಡಿದ ಮೊದಲ ಕೆಲಸ ಸಮಾಧಿ ಭೂಮಿಗೆ ಬೇಲಿ ಹಾಕಿಸಿದ್ದು. ಅದರ ಆಚೆಗೆ ಬುಚ್ಚಿಬಾಬುವಿನ ಮೀನಿನ ಕೆರೆಗಳು. ಮೀನಿನ ಮೇವಿನ ಲಾರಿಗಳು ಸುತ್ತಿ ಬರುವ ಬದಲು ಸಮಾಧಿಗಳ ನಡುವೆಯೇ ಹಾದುಬಂದು ಹಳೇ ಗೋರಿಗಳನ್ನು ನೆಲಸಮ ಮಾಡಿದ್ದವು. ಹಿಂದಿನ ಸರ್ಪಂಚರೆಲ್ಲ ಕಂಡೂ ಕಾಣದ ಹಾಗೆ ಇದ್ದರು. ಇವಳು ಸರ್ವೇಯರನ್ನು ಕರೆಸಿ ಅಳತೆ ಮಾಡಿಸಿ ಕಲ್ಲು ನೆಡಿಸಿ ಮುಳ್ಳುತಂತಿ ಎಳೆಸಿದಳು. ಲಾರಿಗಳು ಮತ್ತೆ ಊರು ಸುತ್ತತೊಡಗಿದವು. ಬುಚ್ಚಿಬಾಬು ಜಗಳಕ್ಕೆ ಬರಲಿಲ್ಲ, ನೇರ ಕಲೆಕ್ಟರ್ ಕಚೇರಿಗೆ ಹೋದ. ಈ ಹೆಂಗಸು ಕ್ರೈಸ್ತಳು, ಹಾಗಾಗಿ ಪರಿಶಿಷ್ಟ ಜಾತಿಯವಳಲ್ಲ, ಹಾಗಾಗಿ ಆ ಕುರ್ಚಿಯಲ್ಲಿ ಕೂರಲು ಅರ್ಹಳಲ್ಲ ಎಂದು ದೂರು ಕೊಟ್ಟು ಬಂದ.

ಮಾರನೆಯ ದಿನ ಚಹಾದ ಅಂಗಡಿ ಎದುರು ಅವಳು ಸಿಕ್ಕಾಗ ನಗುತ್ತಲೇ ಹೇಳಿದ. "ಸುವಾರ್ತಾ, ನಿನ್ನ ದೇವರನ್ನ ಇಟ್ಕೋ, ಇಲ್ಲ ಕುರ್ಚಿ ಇಟ್ಕೋ. ಎರಡೂ ನಿಂಗೇ ಬೇಕು ಅಂದ್ರೆ ನಮ್ಮಂಥೋರು ಎಲ್ಲಿಗೆ ಹೋಗೋದು?"

"ಬಾಬುಗಾರು, ನಿಮ್ಮ ಹತ್ರ ಎರಡೂ ಇವೆಯಲ್ಲ. ನಿಮ್ಮನ್ನ ಯಾರಾದ್ರೂ ಕೇಳಿದ್ರಾ?" ಎಂದಳು ಸುವಾರ್ತ.

ಅಂಗಡಿಯಲ್ಲಿದ್ದವರು ನಕ್ಕರು. ಅವಳಿಗೆ ನಗು ಬರಲಿಲ್ಲ. ಕುರ್ಚಿ ಹೋದರೆ ಬೇಲಿ ವಾರವೂ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇಶ್ರಾಯೇಲುವಿನ ಎದೆಯ ಮೇಲೆ ಲಾರಿ ಹತ್ತುವುದು ಅವಳ ಕಣ್ಣಿಗೆ ಕಟ್ಟಿದ ಹಾಗಿತ್ತು.

ಸ್ಥಳದಲ್ಲೇ ವಿಚಾರಣೆ ಮಾಡಲು ಡೆಪ್ಯುಟಿ ಕಲೆಕ್ಟರ್ ಮೇಡಂ ಬರುತ್ತಾರೆ ಎಂಬ ಸುದ್ದಿ ಬಂತು. ಸುವಾರ್ತಳ ತಮ್ಮ ಮೋಸೆ ಬಸ್ ಕಂಡಕ್ಟರು. ಡ್ಯೂಟಿಗೆ ರಜೆ ಹಾಕಿ ಬಂದ. ಅಕ್ಕನ ಜಾತಿ ಬಿದ್ದರೆ ನಾಳೆ ತನ್ನ ನೌಕರಿಗೂ ಅದೇ ಪ್ರಶ್ನೆ ಬರುತ್ತದೆ ಎಂಬ ಹೆದರಿಕೆ ಅವನಿಗೂ ಇತ್ತು. ಟಿಕೆಟ್ ಹರಿದು ಕೊಡುವ ಶಿಸ್ತಿನಲ್ಲಿ ಅಕ್ಕನಿಗೆ ಪಾಠ ಶುರುಮಾಡಿದ.

"ಮೇಡಂ ಬಂದ ತಕ್ಷಣ ಏನಂತೀಯ?"

"ವಂದನಾಲು ಅಂತೀನಿ."

"ಕೆಟ್ಟಿತು. ಅಲ್ಲೇ ಸಿಕ್ಕಿಬಿದ್ದೆ. ವಂದನಾಲು ಅನ್ನೋರು ಬರೀ ಚರ್ಚಿನೋರು. ನಮಸ್ಕಾರಂ ಅನ್ನು. ಕೈ ಎದೆ ಮಟ್ಟಕ್ಕೆ."

"ನಮಸ್ಕಾರಂ."

"ಭಾನುವಾರ ಏನು ಮಾಡ್ತೀಯ?"

"ಕೋಳಿ ಮಾಡ್ತೀನಿ."

"ಅಕ್ಕಾ, ತಮಾಷೆ ಬೇಡ. ಶನಿವಾರ ತಲೆಗೆ ಸ್ನಾನ ಮಾಡಿ ಆಂಜನೇಯಸ್ವಾಮಿ ಗುಡಿಗೆ ಹೋಗ್ತೀನಿ ಅನ್ನು."

"ಗುಡಿ ಒಳಗೆ ನಮ್ಮನ್ನ ಎಲ್ಲಿ ಬಿಡ್ತಾರೋ?"

"ಹೊರಗಿಂದಾನೇ ಕೈ ಮುಗೀತೀನಿ ಅನ್ನು. ಅದನ್ನ ಯಾರೂ ಸುಳ್ಳು ಅನ್ನಲ್ಲ."

ಕುರಿಮರಿ ಹೊತ್ತ ಯೇಸುಸ್ವಾಮಿಯ ಪಟ ಅವಳ ಮದುವೆಯ ವರ್ಷದಿಂದ ಗೋಡೆಯ ಮೇಲಿತ್ತು. ಅದನ್ನು ಇಳಿಸಿದಾಗ ಹಿಂದಿನ ಸುಣ್ಣ ಬೆಳ್ಳಗೆ ಚೌಕಾಕಾರವಾಗಿ ಉಳಿಯಿತು. ಮೋಸೆ ಬಸ್ ಸ್ಟ್ಯಾಂಡಿನಿಂದ ತಂದ ಲಕ್ಷ್ಮಿಯ ಪಟ ಅದಕ್ಕಿಂತ ಚಿಕ್ಕದು, ಚೌಕ ಪೂರಾ ಮುಚ್ಚಲಿಲ್ಲ. ಇಳಿಸಿದ ಪಟವನ್ನು ಎಲ್ಲಿಡುವುದು ಎಂದು ತೋಚದೆ ಸೀರೆಯಲ್ಲಿ ಸುತ್ತಿ ಅಕ್ಕಿ ಡ್ರಮ್ಮಿನೊಳಗೆ ಇಟ್ಟಳು. ಅಂದು ಅನ್ನಕ್ಕೆ ಅಕ್ಕಿ ತೆಗೆಯಲು ಹೋದಾಗ ಅವಳ ಕೈಗೆ ಪಟದ ಮೂಲೆ ತಗುಲಿತು. ಯಾರದೋ ಮನೆಯಲ್ಲಿ ಕದಿಯುತ್ತಾ ಸಿಕ್ಕಿಬಿದ್ದವಳ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡು ಪಕ್ಕದ ಮನೆಯ ಎಸ್ತೇರಿನ ಬಳಿ ಅಕ್ಕಿ ಕಡ ತಂದಳು. ನಾಚಿಕೆ ಎಂಬುದು ಅವಳಿಗೆ ಗೊತ್ತಿಲ್ಲದ ವಸ್ತುವೇನಲ್ಲ. ಬಡವರಿಗೆ ಅದು ಹುಟ್ಟಿದಾಗಿನಿಂದ ಅಭ್ಯಾಸ. ಆದರೆ ಅದುವರೆಗಿನ ನಾಚಿಕೆಯೆಲ್ಲ ಬೇರೆಯವರು ಅವಳಿಗೆ ಮಾಡಿದ್ದು. ಇದು ಅವಳೇ ಮಾಡಿಕೊಂಡದ್ದು.

ಕೇರಿಯವರೆಲ್ಲ ಒಂದಾದರು. ಯಾರನ್ನು ಕೇಳಿದರೂ ಒಂದೇ ಉತ್ತರ ಎಂದು ತೀರ್ಮಾನವಾಯಿತು. ಅಯ್ಯಗಾರು ಪಾಪ ಒಳ್ಳೆಯ ಮನುಷ್ಯ. ಸುಳ್ಳು ಹೇಳಲೂ ಆಗದೆ ನಿಜ ಹೇಳಲೂ ಆಗದೆ, ಹಲ್ಲುನೋವು ಎಂದು ಕೆನ್ನೆಗೆ ಟವೆಲ್ ಕಟ್ಟಿಕೊಂಡು ಹಿಂದಿನ ದಿನವೇ ಗುಂಟೂರಿಗೆ ಹೋದರು. ಬಸ್ ಹತ್ತುವ ಮುಂಚೆ ಸುವಾರ್ತಳ ಎದುರು ನಿಂತು ಏನೋ ಹೇಳಲು ಬಾಯಿ ತೆರೆದು, "ನೋವು ಜಾಸ್ತಿ ಆಗಿದೆಯಮ್ಮ" ಎಂದಷ್ಟೇ ಹೇಳಿದರು. ನೋವಿನ ಹಲ್ಲು ಯಾವ ಕಡೆಯದು ಎಂದು ತಿಳಿಯದ ಹಾಗೆ ಟವೆಲ್ಲಿನ ಗಂಟು ಬೆಳಗಿನಿಂದ ಎರಡು ಸಲ ಕೆನ್ನೆ ಬದಲಾಯಿಸಿತ್ತು.

ಉಳಿದದ್ದು ರಾಹೇಲಮ್ಮ ಒಬ್ಬಳೇ. ಅವಳನ್ನು ಏನು ಮಾಡುವುದು ಎಂಬುದೇ ಎಲ್ಲರ ಚಿಂತೆ. ಆಕೆ ಹಿಂದೆ ಮನೆಮನೆಗೆ ಹೋಗಿ ಬೈಬಲ್ ಓದಿ ಹೇಳುವ ಕೆಲಸದಲ್ಲಿದ್ದವಳು. ಸುತ್ತಲ ಹಳ್ಳಿಗಳಲ್ಲೆಲ್ಲ ಗುರುತಿನವಳು. ಅವಳನ್ನು ಹಿಂದೂ ಎಂದರೆ ದನಗಳೂ ನಗುತ್ತವೆ. ಅದಕ್ಕೆ ಮೋಸೆ ಒಂದು ದಾರಿ ಕಂಡುಹಿಡಿದಿದ್ದ: ತಾಯಿ ಮಾತ್ರ ಆ ಕಡೆ ಹೋದವಳು, ಮಕ್ಕಳು ಅಪ್ಪನ ದಾರಿಯಲ್ಲೇ ಉಳಿದರು ಎನ್ನುವುದು. ಅಪ್ಪ ಸತ್ತಿದ್ದಾನೆ, ಬಂದು ಸಾಕ್ಷಿ ಹೇಳುವುದಿಲ್ಲ. ಆದರೆ ತಾಯಿಯನ್ನೇ ಕೇಳಿಬಿಟ್ಟರೆ? ಮೋಸೆ ಹುಡುಗನಾಗಿದ್ದಾಗ ಬುಚ್ಚಿಬಾಬುವಿನ ಅಪ್ಪನ ತೋಟದಲ್ಲಿ ತೆಂಗಿನಕಾಯಿ ಕದ್ದಿದ್ದ. ತೋಟದವನಿಗೆ ಗೊತ್ತೇ ಆಗಿರಲಿಲ್ಲ. ರಾಹೇಲಮ್ಮ ಮಗನ ಕಿವಿ ಹಿಡಿದು ಕಾಯಿ ಸಮೇತ ದೊಡ್ಡ ಮನೆಯ ಅಂಗಳದಲ್ಲಿ ನಿಲ್ಲಿಸಿದ್ದಳು. ಅಲ್ಲಿ ಬಿದ್ದ ಏಟುಗಳ ನೆನಪು ಮೋಸೆಗೆ ಇನ್ನೂ ಇತ್ತು.

"ಅಮ್ಮಾ, ಎರಡು ದಿನ ರೇಪಲ್ಲೆಗೆ, ತಂಗಿ ಮನೆಗೆ ಹೋಗಿ ಬಾ. ಮೊಮ್ಮಗುವನ್ನ ನೋಡಿ ತುಂಬ ದಿನ ಆಯ್ತಲ್ಲ" ಎಂದ.

ರಾಹೇಲಮ್ಮ ಜಗುಲಿಯ ಮಂಚದ ಮೇಲೆ ಕೂತು ಹುಣಿಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. "ಮೊಮ್ಮಗು ಹೋದ ವಾರ ಬಂದಿತ್ತಲ್ಲೋ. ನಾನೆಲ್ಲೂ ಹೋಗಲ್ಲ."

"ಹಂಗಾದ್ರೆ ಮೇಡಂ ಬಂದಾಗ ಒಳಗೆ ಮಲಕ್ಕೊಂಡಿರು."

"ಹಗಲಲ್ಲಿ ಯಾಕೆ ಮಲಗಲಿ? ನಂಗೇನು ಜ್ವರಾನಾ? ನಾನಾಗಿ ಬಾಯಿ ಬಿಡಲ್ಲ ಬಿಡು. ಕೇಳಿದ್ರೆ ಹೇಳ್ತೀನಿ."

"ಏನು ಹೇಳ್ತೀಯ?"

"ಏನು ಕೇಳ್ತಾರೋ ನೋಡಿ ಹೇಳ್ತೀನಿ."

ಮೋಸೆ ತಲೆ ಚಚ್ಚಿಕೊಂಡು ಹೊರಗೆ ಹೋದ. ಸುವಾರ್ತ ಮಂಚದ ಕೆಳಗೆ ಕೂತಳು. ಅವಳಿಗೆ ತಾಯಿ ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ನನಗೋಸ್ಕರ ಮಾಡ್ತಿದೀನಾ ಇದನ್ನ? ಅಪ್ಪ ಅಲ್ಲಿದಾನೆ. ನನ್ನ ಗಂಡ ಅಲ್ಲಿದಾನೆ. ನಾಳೆ ನೀನೂ ಅಲ್ಲಿಗೇ ಹೋಗಬೇಕು. ನಿನ್ನ ಮೇಲೆ ಲಾರಿ ಓಡಿಸ್ತಾರೆ, ಆಗ್ಬಹುದಾ?"

"ಓಡಿಸ್ಲಿ. ನಾನು ಅಲ್ಲಿ ಇರ್ತೀನಾ? ಎಲುಬು ಇರತ್ತೆ" ಎಂದಳು ರಾಹೇಲಮ್ಮ. "ನನ್ನ ಎಲುಬಿಗೋಸ್ಕರ ನೀನು ಬಾಯಿ ಹೊಲಸು ಮಾಡ್ಕೋಬೇಡ."

"ನಿನಗೇನು, ಸಲೀಸಾಗಿ ಹೇಳ್ತೀಯ. ಇಷ್ಟು ಜನ ನನ್ನ ನಂಬಿ ಓಟು ಹಾಕಿದಾರೆ. ಅವರಿಗೆ ಏನು ಹೇಳ್ಲಿ? ಬರೀ ಒಂದು ಮಾತಮ್ಮ. ಮನಸ್ಸಲ್ಲಿ ಇರೋದು ದೇವರಿಗೆ ಗೊತ್ತಿಲ್ವಾ?"

"ಗೊತ್ತಿರತ್ತೆ" ಎಂದಳು ತಾಯಿ. ಮತ್ತೆ ಹುಣಿಸೆಹಣ್ಣಿಗೆ ಕೈ ಹಾಕಿದಳು.

ವಿಚಾರಣೆಯ ದಿನ ಬೆಳಿಗ್ಗೆ ನಾಟಿ ಗುಂಪಿನ ಹೆಂಗಸರು ಬಂದು ಸುವಾರ್ತಳನ್ನು ಮದುಮಗಳ ಹಾಗೆ ಸಿಂಗರಿಸಿದರು. ಹೊಸ್ತಿಲಿಗೆ ಅರಿಸಿನ ಬಳಿದರು. ಕೈಗೆ ಹಸಿರು ಗಾಜಿನ ಬಳೆ ತೊಡಿಸಿದರು. ಜಡೆಗೆ ಕನಕಾಂಬರ. ಎಸ್ತೇರು ಪೊಟ್ಟಣ ಬಿಚ್ಚಿ ಕುಂಕುಮ ತೆಗೆದಳು. ಅವರ ಪೈಕಿ ಯಾರ ಹಣೆಯೂ ಎಂದೂ ಕುಂಕುಮ ಕಂಡದ್ದಲ್ಲ. ಮದುವೆಯಾದವಳು, ಆಗದವಳು, ಗಂಡ ಸತ್ತವಳು, ಚರ್ಚಿಗೆ ಹೋಗುವ ಹೆಂಗಸರ ಹಣೆಯೆಲ್ಲ ಒಂದೇ. ಎಷ್ಟು ದೊಡ್ಡದು ಇಡಬೇಕು ಎಂದು ಅವರೊಳಗೆ ಚರ್ಚೆಯಾಯಿತು.

"ದೊಡ್ಡದಾಗೇ ಇಡೇ. ದೂರದಿಂದಾನೇ ಮೇಡಂಗೆ ಕಾಣಬೇಕು" ಎಂದಳು ಒಬ್ಬಳು.

ಎಸ್ತೇರು ಹೆಬ್ಬೆಟ್ಟಿನಿಂದ ರೂಪಾಯಿ ಅಗಲಕ್ಕೆ ಒತ್ತಿದಳು. "ಅಯ್ಯಪ್ಪ, ಸಾಕ್ಷಾತ್ ಗ್ರಾಮದೇವತೆ ಹಂಗೆ ಕಾಣ್ತಿದೀಯ ಕಣಕ್ಕ" ಎಂದಳು. ಎಲ್ಲರೂ ನಕ್ಕರು, ಸುವಾರ್ತಳೂ ನಕ್ಕಳು. ಜಗುಲಿಯಲ್ಲಿದ್ದ ರಾಹೇಲಮ್ಮ ತಲೆ ಎತ್ತಿ ಮಗಳ ಮುಖವನ್ನೊಮ್ಮೆ ನೋಡಿದಳು. ಸುವಾರ್ತಳ ನಗು ಅಲ್ಲಿಗೇ ನಿಂತಿತು. ಹಣೆ ಉರಿಯುತ್ತಿರುವ ಹಾಗೆನಿಸಿತು.

ಮೇಡಂ ಬಂದರು. ನಡುವಯಸ್ಸಿನ ಶಾಂತ ಹೆಂಗಸು, ಹತ್ತಿ ಸೀರೆ, ಹಣೆಯಲ್ಲಿ ಸಾಸಿವೆಯಷ್ಟು ಬಿಂದಿ. ಜೊತೆಗೆ ಬುಚ್ಚಿಬಾಬು ಬಿಳಿ ಬಟ್ಟೆಯಲ್ಲಿ. ಮೊದಲು ಚರ್ಚಿನ ಮೆಟ್ಟಿಲ ಮೇಲಿದ್ದ ಹಿರಿಯ ಯಾಕೋಬನನ್ನು ಕೇಳಿದರು.

"ನಮ್ಮ ಕೇರೀಲಿ ಎಲ್ಲಾ ಹಿಂದೂಗಳೇ ಮೇಡಂ" ಎಂದ ಅವನು.

"ಮತ್ತೆ ಈ ಚರ್ಚು?"

ಯಾಕೋಬ ತಿರುಗಿ ಅದನ್ನು ಈಗಷ್ಟೇ ಕಂಡವನ ಹಾಗೆ ನೋಡಿದ. "ಇದಾ? ಬಿಳೀ ದೊರೆಗಳ ಕಾಲದಲ್ಲಿ ಕಟ್ಟಿದ್ದು. ಹಂಗೇ ಇದೆ ಮೇಡಂ. ಮಳೆ ಬಂದ್ರೆ ನಿಂತ್ಕೊಳ್ಳೋಕಾಗತ್ತೆ."

ಮೇಡಂ ನಗಲಿಲ್ಲ. ಆ ಚರ್ಚಿನ ಗಂಟೆಯನ್ನು ಪ್ರತಿ ಭಾನುವಾರ ಬಾರಿಸುವವನು ಯಾಕೋಬನೇ. ಅವನು ಬೀಡಿ ಹಚ್ಚಲು ಹೋದ. ಕಡ್ಡಿಯ ಮದ್ದಿಲ್ಲದ ತುದಿಯನ್ನು ಪೆಟ್ಟಿಗೆಗೆ ಗೀರಿದ. ಸುವಾರ್ತ ಅದನ್ನು ನೋಡಿದಳು. ಅಷ್ಟು ವಯಸ್ಸಾದವನ ಬಾಯಲ್ಲಿ ಅಂಥ ಮಾತು ಬರಿಸಿದವಳು ತಾನು ಎಂದು ಅವಳಿಗೆ ನೆಲ ನೋಡುವಂತಾಯಿತು. ಹಾಗೆ ನೋಡಿದರೆ ನಾಚಿಕೆಪಡಬೇಕಾದವರು ಬೇರೆ ಇದ್ದರು. ಒಬ್ಬ ಮುದುಕ ತಾನು ದಿನಾ ಕೈಮುಗಿಯುವ ಬಾಗಿಲನ್ನು ಮಳೆಗೆ ನಿಲ್ಲುವ ಜಾಗ ಎನ್ನುವ ಹಾಗೆ ಮಾಡಿದ ಕಾನೂನು ಯಾರ ಮುಂದೆಯೂ ತಲೆ ತಗ್ಗಿಸಿದ್ದನ್ನು ನಾವು ಕಂಡಿಲ್ಲ. ಅದರ ಪಾಲಿನ ನಾಚಿಕೆಯನ್ನೂ ಇವರೇ ಹೊರಬೇಕಾಯಿತು.

ಸುವಾರ್ತಳ ಅಂಗಳದಲ್ಲಿ ಕುರ್ಚಿ ಹಾಕಿದರು. ಜನ ಸುತ್ತ ನಿಂತರು. ಮೇಡಂ ಒಂದೊಂದೇ ಕೇಳಿದರು, ಗುಮಾಸ್ತ ಬರೆದುಕೊಂಡ.

"ಚರ್ಚಿಗೆ ಹೋಗ್ತೀರಾ?"

"ಇಲ್ಲ ಮೇಡಂ."

"ನಿಮಗೆ ದೀಕ್ಷಾಸ್ನಾನ ಆಗಿದೆಯಾ?"

"ಇಲ್ಲ ಮೇಡಂ. ಶನಿವಾರ ತಲೆಗೆ ಸ್ನಾನ ಮಾಡ್ತೀನಿ. ಆಂಜನೇಯಸ್ವಾಮಿಗೆ ಹೊರಗಿಂದ ಕೈ ಮುಗೀತೀನಿ."

ಮೋಸೆ ದೂರದಿಂದ ತಲೆಯಾಡಿಸಿದ. ಮೇಡಂ ಪಾಠದಲ್ಲಿ ಇಲ್ಲದ ಪ್ರಶ್ನೆಯೊಂದನ್ನು ಮೆಲ್ಲಗೆ ಕೇಳಿದರು. "ಯೇಸುವನ್ನ ನಂಬ್ತೀರಾಮ್ಮ?"

ಇಶ್ರಾಯೇಲು ಸಾಯುವ ವಾರವೆಲ್ಲ ಆಸ್ಪತ್ರೆಯ ನೆಲದ ಮೇಲೆ ಮೊಣಕಾಲೂರಿ ಸುವಾರ್ತ ಕರೆದದ್ದು ಇನ್ನಾರನ್ನು? ಆದರೆ ಎದುರಿಗೆ ಬುಚ್ಚಿಬಾಬು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನ ಕಾಲು ಕುಣಿಯುತ್ತಿತ್ತು.

"ಇಲ್ಲ" ಎಂದಳು. ಸಾಲದೆನಿಸಿತೋ ಏನೋ, "ಅವನು ಯಾರೋ ನಂಗೇನು ಗೊತ್ತು ಮೇಡಂ. ನಮ್ಮಮ್ಮನ ದೇವರು ಅದು" ಎಂದು ಸೇರಿಸಿದಳು. ಯಾರೂ ಕೇಳದಿದ್ದ ಆ ಎರಡನೆಯ ಮಾತನ್ನು ತಾನು ಯಾಕೆ ಆಡಿದೆ ಎಂದು ಅವಳಿಗೆ ಆಮೇಲೆ ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ.

ಬುಚ್ಚಿಬಾಬು ಗಂಟಲು ಸರಿಮಾಡಿಕೊಂಡ. "ಮೇಡಂ, ಇವಳ ಗಂಡ ಎಲ್ಲಿ ಅಂತ ಒಂದು ಮಾತು ಕೇಳಿ."

"ಗಂಡ ತೀರ್ಕೊಂಡು ತುಂಬ ವರ್ಷ ಆಯ್ತು ಮೇಡಂ" ಎಂದಳು ಸುವಾರ್ತ.

ಮೇಡಂ ಕಣ್ಣು ಅವಳ ಹಣೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಬಳೆಗಳ ಮೇಲೆ, ಆಮೇಲೆ ಹೂವಿನ ಮೇಲೆ. ಗುಮಾಸ್ತ ಪೆನ್ನು ಎತ್ತಿ ಹಾಗೇ ನೋಡಿದ. ಸುವಾರ್ತಳಿಗೆ ಏನಾಯಿತೆಂದು ತಿಳಿಯಲಿಲ್ಲ. ಎಸ್ತೇರಿಗೂ ತಿಳಿಯಲಿಲ್ಲ.

"ನೋಡಿದ್ರಾ?" ಬುಚ್ಚಿಬಾಬು ನಕ್ಕ. "ನಮ್ಮಲ್ಲಿ ಗಂಡ ಸತ್ತ ಹತ್ತನೇ ದಿನಕ್ಕೇ ಕುಂಕುಮ ಅಳಿಸ್ತಾರೆ, ಬಳೆ ಒಡೀತಾರೆ. ನಮ್ಮೋಳಾಗಿದ್ರೆ ಅಷ್ಟು ಗೊತ್ತಿರ್ತಿರ್ಲಿಲ್ವಾ? ಎಂಟಾಣೆ ಕುಂಕುಮ ತಂದು ಹಣೆಗೆ ಮೆತ್ಕೊಂಡು ನಿಂತವಳೆ."

ಹಿಂದೆ ನಿಂತಿದ್ದ ಅವನ ಕಡೆಯವರು ಗೊಳ್ಳೆಂದು ನಕ್ಕರು. ಸುವಾರ್ತಳ ಕೈ ಹಣೆಯ ಹತ್ತಿರ ಹೋಗಿ ನಿಂತಿತು. ಅಳಿಸಿದರೆ ಸುಳ್ಳು ಒಪ್ಪಿಕೊಂಡ ಹಾಗೆ, ಅಳಿಸದಿದ್ದರೆ ಎಲ್ಲರ ಎದುರು ನಗೆಪಾಟಲಾಗಿ ನಿಲ್ಲಬೇಕು. ಕೈ ಅರ್ಧಕ್ಕೇ ಇಳಿಯಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಮೋಸೆ ಅಂಗಳದ ಬೇಲಿಯ ಕಡೆ ಮುಖ ಮಾಡಿದ್ದ.

ಮೇಡಂ ನಿಟ್ಟುಸಿರುಬಿಟ್ಟು ಜಗುಲಿಯ ಕಡೆ ತಿರುಗಿದರು. "ಅಜ್ಜಿ, ನೀವು ಇವರ ತಾಯಿನಾ?"

"ಹೌದಮ್ಮ."

"ನಿಮ್ಮದು ಯಾವ ಧರ್ಮ?"

"ನಾನು ಯೇಸುಸ್ವಾಮಿಯವಳು" ಎಂದಳು ರಾಹೇಲಮ್ಮ, ಊರಿನ ಹೆಸರು ಹೇಳಿದಷ್ಟು ಸಹಜವಾಗಿ.

"ನಿಮ್ಮ ಮಗಳು?"

ಎಲ್ಲ ಮುಗಿಯಿತು ಎಂದುಕೊಂಡಳು ಸುವಾರ್ತ. ನಿಜ ಹೇಳಬೇಕೆಂದರೆ, ಮುಗಿದರೆ ಸಾಕು ಎಂದೂ ಅವಳ ಜೀವದ ಒಂದು ಮೂಲೆ ಹಾರೈಸಿತು. ಹೌದು, ಇವಳು ನನ್ನವಳು, ನನ್ನ ದೇವರವಳು ಎಂದು ತಾಯಿ ಒಂದು ಮಾತು ಅಂದುಬಿಟ್ಟರೆ ಕುರ್ಚಿ ಹೋದೀತು, ಬೇಲಿ ಹೋದೀತು, ಹಣೆಯ ಉರಿಯಾದರೂ ನಿಂತೀತು. ರಾಹೇಲಮ್ಮ ಕೈಯಲ್ಲಿದ್ದ ಹುಣಿಸೆ ಕೆಳಗಿಟ್ಟು ಮಗಳ ಮುಖವನ್ನು ನೋಡಿದಳು. ಅವಸರವಿಲ್ಲದೆ, ಜ್ವರ ಇದೆಯೋ ಇಲ್ಲವೋ ಎಂದು ನೋಡುವ ಹಾಗೆ ನೋಡಿದಳು.

"ಅವಳು ಅಲ್ಲಮ್ಮ" ಎಂದಳು.

"ಹೆತ್ತ ಮಗಳು, ಒಂದೇ ಮನೇಲಿ ಇರೋಳು. ಅಷ್ಟು ಖಚಿತವಾಗಿ ಹೇಳ್ತೀರಾ?"

"ಅವಳ ಬಾಯಲ್ಲೇ ಕೇಳಿದ್ರಲ್ಲಮ್ಮ. ನಂಬಲ್ಲ ಅಂದ್ಲು, ಯಾರೋ ಗೊತ್ತಿಲ್ಲ ಅಂದ್ಲು. ಗೊತ್ತಿಲ್ಲ ಅಂದೋಳು ಅವನವಳು ಹೆಂಗಾಗ್ತಾಳೆ?"

"ಈ ಕುಂಕುಮ ಯಾರಾದ್ರೂ ಇವತ್ತಿಗೋಸ್ಕರ ಇಡಿಸಿದ್ದಾ?"

"ಕೈ ಹಿಡಿದು ಯಾರೂ ಬಲವಂತ ಮಾಡ್ಲಿಲ್ಲ. ಒಪ್ಕೊಂಡೇ ಇಡಿಸ್ಕೊಂಡಿದಾಳೆ."

ಮೇಡಂ ಬುಚ್ಚಿಬಾಬುವಿನ ಕಡೆ ನೋಡಿದರು. ಅವನ ಕುಣಿಯುವ ಕಾಲು ನಿಂತಿತ್ತು. ಮುದುಕಿ ಸುಳ್ಳು ಹೇಳುತ್ತಿದ್ದಾಳೆ ಎನ್ನಲು ಬಾಯಿ ತೆರೆದ. ಆದರೆ ತೆಂಗಿನಕಾಯಿಯ ಸಂಗತಿ ನಡೆದಾಗ ಅವನೂ ಆ ಅಂಗಳದಲ್ಲಿದ್ದ. ರಾಹೇಲಮ್ಮ ಸುಳ್ಳು ಹೇಳುತ್ತಾಳೆ ಎಂದರೆ ಅವನ ಕಡೆಯವರೇ ನಂಬುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡ.

"ಗಂಡ ಸತ್ತವರು ಕುಂಕುಮ ಇಡಬಾರದು ಅಂತ ಯಾವ ಕಾನೂನಲ್ಲೂ ಬರೆದಿಲ್ಲ" ಎಂದರು ಮೇಡಂ, ಎದ್ದು ನಿಲ್ಲುತ್ತಾ. "ದೂರು ರುಜುವಾತಾಗಿಲ್ಲ ಅಂತ ಬರಕೊಳ್ಳಪ್ಪ."

ಜೀಪು ಕೇರಿ ದಾಟುವಷ್ಟರಲ್ಲಿ ಹಲಗೆ ಬಾರಿಸತೊಡಗಿದರು. ಮೋಸೆ ಎರಡು ಕೋಳಿ ಹಿಡಿದು ತಂದ. ಎಸ್ತೇರು ರಾಹೇಲಮ್ಮನ ಎರಡೂ ಕೈ ಹಿಡಿದು, "ದೊಡ್ಡಮ್ಮಾ, ಜನ್ಮದಲ್ಲಿ ಒಂದು ಸುಳ್ಳು ಹೇಳಿದೆ, ಎಂಥಾ ಸುಳ್ಳು ಹೇಳಿದೆ" ಎಂದು ಕೊಂಡಾಡಿದಳು. ಯಾಕೋಬ ಬಂದು, ನಿನ್ನ ಎದುರು ನಾವೆಲ್ಲ ಯಾವ ಲೆಕ್ಕ ಎಂದು ಹೇಳಿ ಹೋದ. ರಾಹೇಲಮ್ಮ ಹುಣಿಸೆಯ ಬೀಜಗಳನ್ನು ಬುಟ್ಟಿಗೆ ತುಂಬುತ್ತಿದ್ದಳು.

ಸುವಾರ್ತ ಹಿತ್ತಲಿಗೆ ಹೋಗಿ ಮುಖ ತೊಳೆದಳು. ಸೋಪು ಹಚ್ಚಿ, ತೆಂಗಿನ ನಾರು ಹಾಕಿ ಉಜ್ಜಿದಳು. ಬಳೆ ತೆಗೆದಳು, ಹೂವು ಕಿತ್ತಳು. ಕೋಳಿ ಬೇಯುವ ಹೊತ್ತಿಗೆ ಜನ ಕರಗಿದರು, ಮನೆಯಲ್ಲಿ ತಾಯಿ ಮಗಳು ಇಬ್ಬರೇ ಉಳಿದರು. ಅವಳು ಮಂಚದ ಕಾಲಿನ ಹತ್ತಿರ ಕೂತು ತಾಯಿಯ ಮೊಣಕಾಲ ಮೇಲೆ ಕೈ ಇಟ್ಟಳು.

"ಅಮ್ಮಾ, ಕ್ಷಮಿಸಿಬಿಡು. ಈ ವಯಸ್ಸಲ್ಲಿ ನಿನ್ನ ಬಾಯಲ್ಲೂ ಸುಳ್ಳು ಹೇಳಿಸಿಬಿಟ್ಟೆ."

"ನಾನೆಲ್ಲಿ ಸುಳ್ಳು ಹೇಳಿದೆ?" ಎಂದಳು ರಾಹೇಲಮ್ಮ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸುವಾರ್ತ ತಿರುಗಿ ಜಗಳವಾದರೂ ಆಡುತ್ತಿದ್ದಳು. ಜಗಳದಲ್ಲಿ ಅವಳನ್ನು ಮೀರಿಸಿದವರಿಲ್ಲ. ಮುದುಕಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ, ಮಗಳು ಯಾವ ಸುಳ್ಳಿನ ಮಾತಾಡುತ್ತಿದ್ದಾಳೆ ಎಂದು.

"ನನ್ನನ್ನ... ಅವನವಳಲ್ಲ ಅಂದೆಯಲ್ಲ."

"ಕೇಳಿದ್ರು. ನಿನ್ನ ಮುಖ ನೋಡಿದೆ. ಕಂಡಿದ್ದು ಹೇಳಿದೆ."

ಸುವಾರ್ತ ತಾಯಿಯ ಮೊಣಕಾಲ ಮೇಲಿನ ಕೈ ತೆಗೆದಳು. "ನಾಳೆ ಯಾರಾದ್ರೂ ಬಂದು ಮತ್ತೆ ಕೇಳಿದ್ರೆ?" ಎಂದಳು.

"ನಾಳೆ ನೋಡಿ ಹೇಳ್ತೀನಿ" ಎಂದು ರಾಹೇಲಮ್ಮ ಎದ್ದು ತಟ್ಟೆ ಹಾಕಿದಳು. ಅನ್ನ ಬಡಿಸಿದಳು, ಕೋಳಿ ಸಾರು ಬಡಿಸಿದಳು, ಮಗಳಿಗೆ ಇಷ್ಟವೆಂದು ಕಾಲಿನ ತುಂಡು ಹುಡುಕಿ ಹಾಕಿದಳು. ಆಮೇಲೆ ಎಂದಿನ ಹಾಗೆ ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಶುರುಮಾಡಿದಳು. ಸುವಾರ್ತ ಕಣ್ಣು ಮುಚ್ಚಲು ಹೋದಳು, ಆಗಲಿಲ್ಲ. ತನ್ನ ಮನೆಯಲ್ಲೇ, ತನ್ನ ತಟ್ಟೆಯ ಮುಂದೆ, ಊಟಕ್ಕೆ ಬಂದ ಬೇರೆ ಮತದ ಅತಿಥಿಯ ಹಾಗೆ ತಲೆ ತಗ್ಗಿಸಿ, ತಾಯಿ ಮುಗಿಸಲಿ ಎಂದು ಕಾಯುತ್ತಾ ಕೂತಳು.